ಸೊಸೆಯ ಸಿಡಿ ರೈಟರ್

ಮೂಡಲಗಿಯ ಧನಪಾಲರ ಮನೆಗೆ ಸೊಸೆಯ ಜೊತೆಗೇ ಕಂಪ್ಯೂಟರೂ ಬಂದಿತ್ತು. ಸೊಸೆ ಭಕ್ತಿಯ ತಂದೆ ವೃಷಭರಿಗೆ ಸಂಕೇಶ್ವರದಲ್ಲಿ ಒಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ರಸೀದಿ ಪುಸ್ತಕ, ವಾಸ್ತುಶಾಂತಿಯ ಕಾರ್ಡು ಅಚ್ಚು ಹಾಕುವ ಆ ಪ್ರೆಸ್ಸಿಗೆಂದೇ ಕೊಂಡ ಯಂತ್ರವದು. ಆದರೆ ಅದರ ಮೇಲೆ ಕೈ ಓಡುತ್ತಿದ್ದದ್ದು ಮಗಳೊಬ್ಬಳದೇ. ಹೋದ ವರ್ಷ, ಅಂದರೆ ೨೦೦೪ರಲ್ಲಿ, ಮದುವೆಯಾಗಿ ಅವಳು ಹೊರಟಾಗ, "ನೀ ಇಲ್ಲಂದ ಮ್ಯಾಲ ಇದನ್ನ ಇಟ್ಕೊಂಡ ನಾ ಏನ ಪೂಜಿ ಮಾಡ್ಲಿ?" ಎಂದು ವೃಷಭರು ಅದನ್ನು ಹಳೆಯ ರಜಾಯಿಯಲ್ಲಿ ಸುತ್ತಿ ಟೆಂಪೋದಲ್ಲಿ ಏರಿಸಿ ಕಳಿಸಿಬಿಟ್ಟಿದ್ದರು.

ಭಕ್ತಿ ಮೂಡಲಗಿಯಲ್ಲಿ ಕೂತೇ ತಂದೆಯ ಕೆಲಸ ಮುಂದುವರಿಸಿದಳು. ವೃಷಭರು ಫೋನಿನಲ್ಲಿ ಹೆಸರು, ಮುಹೂರ್ತ, ಊರು ಹೇಳುತ್ತಿದ್ದರು. ಅವಳು ಬರೆದುಕೊಂಡು ಪತ್ರಿಕೆ ಜೋಡಿಸುತ್ತಿದ್ದಳು. ವಧೂವರರ ಫೋಟೋ ಹಾಕಿದ ಪತ್ರಿಕೆ ಫ್ಲಾಪಿಯಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಸಿಡಿಯೇ ಬೇಕು. ಕಂಪ್ಯೂಟರಿನೊಳಗಿನ ರೈಟರಿನಲ್ಲಿ ಸಿಡಿ ಬರೆದು, ಹಾಳೆಯಲ್ಲಿ ಸುತ್ತಿ, ಸಂಕೇಶ್ವರದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ ಸಂಜೆಗೆ ಅದು ಪ್ರೆಸ್ಸು ಮುಟ್ಟುತ್ತಿತ್ತು; ವೃಷಭರು ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಅದರಿಂದ ಅಚ್ಚಿನ ಫಿಲ್ಮು ತೆಗೆಸಿಕೊಳ್ಳುತ್ತಿದ್ದರು. ಧನಪಾಲರ ಮಗ ನಿತಿನ ಬೀಜದ ಕಂಪನಿಯ ಕೆಲಸದ ಮೇಲೆ ವಾರವಿಡೀ ಊರೂರು ತಿರುಗಿ ಶನಿವಾರ ಮನೆಗೆ ಬರುವವನು. ಉಳಿದ ಆರು ದಿನ ಆ ಹುಡುಗಿ ನಗುನಗುತ್ತ ಇರುತ್ತಿದ್ದದ್ದು ಆ ಮೇಜಿನ ಮುಂದೆಯೇ ಎಂಬುದು ಧನಪಾಲರಿಗೆ ಗೊತ್ತಿತ್ತು.

ಧನಪಾಲರಿಗೆ ಅರವತ್ತೊಂದು. ಕಬ್ಬು, ಅರಿಸಿನದ ಹೊಲ; ಬಸದಿಯ ಕಮಿಟಿಯಲ್ಲಿ ಹಿರಿಯರು. ಅಣ್ಣತಮ್ಮಂದಿರ ಜಗಳ, ಬದುವಿನ ತಂಟೆ ಬಂದರೆ ಜನ ಅವರ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದರು. ಪ್ರಾಯದಲ್ಲಿ ಕುಸ್ತಿ ಆಡಿದವರು. ಹಿಂದಿನ ಚೈತ್ರದಲ್ಲಿ ಊರಲ್ಲಿ ಕುಸ್ತಿ ನಡೆದಾಗ ಅವರಿಗೆ ರುಮಾಲು ಸುತ್ತಿ ತೀರ್ಪು ಕೊಡುವ ಪಂಚರಾಗಿ ಕಣಕ್ಕೆ ಇಳಿಸಿದ್ದರು. ಅದರ ವಿಡಿಯೋ ಸಿಡಿ ಗೆಳೆಯ ಉದ್ದಪ್ಪನ ಹತ್ತಿರ ಇತ್ತು. ಕೇಳಿ ಕೇಳಿ ತರಿಸಿಕೊಂಡರೆ, ಅದರ ನಡುವಿನ ತೂತಿನಿಂದ ಅಂಚಿನವರೆಗೆ ಕೂದಲೆಳೆಯಂಥ ಒಂದು ಸೀಳು.

ಭಕ್ತಿ ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ್ದಳು. "ಬ್ಯಾಡ್ರಿ ಮಾಮಾ. ಒಳಗ ಇದು ಭಾಳ ಜೋರ ತಿರಗತೈತಿ. ಸೀಳಿದ್ದ ಹಾಕಿದ್ರ ಒಡದ ಚೂರಚೂರ ಆಗತೈತಿ, ಮಷಿನ್ನೂ ಹೋಗತೈತಿ."

"ಆತ ಬಿಡವಾ," ಎಂದು ಅವರು ಅದನ್ನು ತಮ್ಮ ಕಪಾಟಿನಲ್ಲಿ ಇಟ್ಟಿದ್ದರು.

ಭಾದ್ರಪದದಲ್ಲಿ ಜೈನರ ಹತ್ತು ದಿನಗಳ ದಶಲಕ್ಷಣ ಪರ್ವ ಶುರುವಾಯಿತು. ನಾಲ್ಕನೆಯ ದಿನ ಮಧ್ಯಾಹ್ನ ಹೆಂಡತಿ ಜಿನ್ನವ್ವ ಸೊಸೆಯನ್ನು ಕರೆದುಕೊಂಡು ಪೂಜೆಗೆ ಬಸದಿಗೆ ಹೋದಳು. ಮೊಣಕಾಲು ನೋವೆಂದು ಧನಪಾಲರು ಮನೆಯಲ್ಲೇ ಉಳಿದರು. ಮನೆ ಖಾಲಿ. ಕಪಾಟಿನಲ್ಲಿ ಸಿಡಿ. ಒಂದೇ ಸಲ ರುಮಾಲು ಸುತ್ತಿದ ತಮ್ಮ ಮುಖ ನೋಡಿದರೆ ಸಾಕು ಅನ್ನಿಸಿತು. ಒಂದು ಸಲಕ್ಕೆ ಏನಾದೀತು? ಗುಂಡಿ ಒತ್ತುವುದು, ತಟ್ಟೆ ಹೊರಗೆ ಬರುವುದು, ಸಿಡಿ ಇಡುವುದು — ಇಷ್ಟನ್ನು ಭಕ್ತಿಯೇ ಅವರಿಗೆ ಕಲಿಸಿದ್ದಳು.

ಒಳಗೆ ಗುಂಯ್ ಎಂದು ಸದ್ದು ಎದ್ದಿತು. ಸದ್ದು ಏರಿತು, ಮೇಜು ಅದುರಿತು, ಇನ್ನೂ ಏರಿತು. ನಿಲ್ಲಿಸಬೇಕೆಂದು ಅವರು ಕೈ ಚಾಚುವುದರಲ್ಲಿ ಪಟಾಕಿ ಸಿಡಿದಂತೆ ಢಂ ಎಂದಿತು. ಆಮೇಲೆ ಕರಕರ ಅರೆಯುವ ಸದ್ದು. ಧನಪಾಲರು ಗೋಡೆಯ ಸ್ವಿಚ್ಚನ್ನೇ ಆರಿಸಿದರು. ಗುಂಡಿ ಒತ್ತಿದರೆ ತಟ್ಟೆ ಬರಲಿಲ್ಲ. ಭಕ್ತಿ ಹೆಣೆದ ಹೊದಿಕೆಯ ಬಟ್ಟೆಯನ್ನು ಯಂತ್ರದ ಮೇಲೆ ಮೊದಲಿನ ಹಾಗೇ ಹೊದಿಸಿ, ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಪೂಜೆ ಮುಗಿಸಿ ಬಂದ ಹೆಂಗಸರು ಅಭಿಷೇಕದ ಗಂಧೋದಕ ಕೊಟ್ಟಾಗ ಕಣ್ಣಿಗೆ ಒತ್ತಿಕೊಂಡು ಹಣೆಗೆ ಹಚ್ಚಿಕೊಂಡರು. ಸಂಜೆ ಹೇಳಿದರಾಯಿತು ಅಂದುಕೊಂಡರು.

ಆದರೆ ಸಂಜೆಯ ಹೊತ್ತಿಗೆ ಮಾತು ಅವರ ಕೈ ಮೀರಿ ಹೋಗಿತ್ತು. ಭಕ್ತಿ ಪತ್ರಿಕೆಯೊಂದನ್ನು ಸಿಡಿಗೆ ಬರೆಯಲು ಕೂತಳು. ಯಂತ್ರ ಚಾಲೂ ಆಯಿತು, ರೈಟರ್ ಮಾತ್ರ ಸತ್ತಿತ್ತು. ಗುಂಡಿ ಒತ್ತಿದಳು, ಕಿವಿ ಇಟ್ಟು ಕೇಳಿದಳು, ತಟ್ಟಿ ನೋಡಿದಳು.

"ಏನಾತ?" ಎಂದು ಜಿನ್ನವ್ವ ಅಡುಗೆಮನೆಯಿಂದ ಕೇಳಿದಳು.

"ರೈಟರ್ ಕೆಟ್ಟೈತ್ರಿ ಅತ್ತಿ. ನಿನ್ನಿ ಗಡಬಡಿಯೊಳಗ ಸಾಲಾಗಿ ಎಂಟ ಸಿಡಿ ಬರದೆ. ಕಡೀದ್ದ ಒಳಗ ಬಿಟ್ಟ ಎದ್ನೇನೋ..."

"ಮತ್ತ! ಹಗಲೆಲ್ಲಾ ಅದರ ಮುಂದ ಕೂತ್ರ ಕೆಡದ ಏನಾಗತೈತಿ? ಪರ್ವದಾಗರ ಸುಮ್ಕ ಇರ್ಬಾರದ? ನಿಮ್ಮಪ್ಪನ ಕೆಲಸಕ್ಕ ಕೆಟ್ಟೈತಿ, ನಿಮ್ಮಪ್ಪಗ ಹೇಳಿ ಮಾಡಿಸಿಕೋ. ಈ ಮನಿಯಿಂದ ಆಗೂದಿಲ್ಲ."

ಧನಪಾಲರು ನಡುಮನೆಯಲ್ಲೇ ಇದ್ದರು. ಈಗ ಹೇಳಿದರೆ ಹೆಂಡತಿಯ ಮಾತನ್ನು ಸೊಸೆಯ ಎದುರಿಗೇ ಸುಳ್ಳು ಮಾಡಿದಂತೆ ಎಂದು ತಮಗೆ ತಾವೇ ಒಂದು ನೆಪ ಹೇಳಿಕೊಂಡರು. ನೆಪವೆಂಬುದು ಅವರಿಗೇ ಗೊತ್ತಿತ್ತು. ಬೇರೆಯವರ ನ್ಯಾಯ ಬಗೆಹರಿಸುವಾಗ ಇಂಥ ನೆಪಗಳನ್ನು ಅವರು ಎಷ್ಟು ಜನರ ಬಾಯಿಂದ ಕೇಳಿರಲಿಲ್ಲ!

ಮರುದಿನ ಭಕ್ತಿ ಸಂಕೇಶ್ವರಕ್ಕೆ ಫೋನು ಮಾಡಿದಳು. "ನಂದ ತಪ್ಪ ಅಪ್ಪಾ," ಅನ್ನುತ್ತಿದ್ದಳು. "ಇಲ್ಲ, ಯಾರೂ ಏನೂ ಅಂದಿಲ್ಲ. ನಾನ ನೋಡ್ಕೋಬೇಕಾಗಿತ್ತ." ಫೋನು ಇಟ್ಟು ತಿರುಗಿದಾಗ ಅವಳ ಮೂಗು ಕೆಂಪಾಗಿತ್ತು. ಧನಪಾಲರು ಪೇಪರು ಅಡ್ಡ ಹಿಡಿದರು.

ದಿನಗಳು ಹೋದವು. ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ವರ್ಷದ ತಪ್ಪುಗಳಿಗೆಲ್ಲ ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ದಿನ. ಅಂದು ಹಿರಿಯರು ಕಿರಿಯರು ಎಂಬುದಿಲ್ಲ. ಬಸದಿಯಲ್ಲಿ ಧನಪಾಲರು ಕಂಡಕಂಡವರಿಗೆಲ್ಲ ಕೈಮುಗಿದು "ಉತ್ತಮ ಕ್ಷಮಾ" ಎಂದರು. ಮನೆಗೆ ಬಂದಾಗ ಭಕ್ತಿ ಬಾಗಿ ಕಾಲು ಮುಟ್ಟಿದಳು. "ನನ್ನಿಂದ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ ಮಾಮಾ. ರೈಟರ್ದೂ."

"ಉತ್ತಮ ಕ್ಷಮಾ ಯವ್ವಾ, ನನ್ನಿಂದಾಗಿದ್ದೂ..." ಎಂದರು ಧನಪಾಲರು. ಅಷ್ಟಕ್ಕೇ ನಿಂತಿತು. ಬಾಯಲ್ಲಿ ಕ್ಷಮೆಯ ಮಾತು ಬಂದಿತ್ತು, ಯಾವ ತಪ್ಪಿಗೆ ಎಂಬುದು ಬರಲಿಲ್ಲ. ಅಂದು ಹೋಳಿಗೆಯ ಊಟ. ಅವರು ಎರಡನೆಯ ಹೋಳಿಗೆ ಬೇಡವೆಂದು ಎದ್ದರು.

ಏನಾದರೂ ಮಾಡಲೇಬೇಕಿತ್ತು. ಹೇಳುವುದಕ್ಕಿಂತ ಕೊಡಿಸುವುದು ಸುಲಭವೆನಿಸಿತು. "ನಾಳೆ ಗೋಕಾಕಕ್ಕ ಹೋಗೂಣ," ಎಂದರು ಸೊಸೆಗೆ. "ಹೊಸಾ ರೈಟರ್ ತರೂಣ. ನಂಗ ಏನೂ ತಿಳಿಯೂದಿಲ್ಲ, ನೀನ ಬಂದ ಆರಿಸು."

ಜಿನ್ನವ್ವ ಹುಬ್ಬೇರಿಸಿದಳು. ಭಕ್ತಿಯ ಮುಖ ಅರಳಿತು. "ಅಪ್ಪ ಎಲ್ಲೆರ ನೋಡತೇನಿ ಅಂದಾರ್ರಿ, ಬ್ಯಾಡಂತ ಹೇಳತೇನಿ," ಎಂದು ಫೋನು ಹಚ್ಚಿದಳು. ಪ್ರೆಸ್ಸಿನಲ್ಲಿ ಯಾರೂ ಎತ್ತಲಿಲ್ಲ.

ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟರು. ಭಕ್ತಿಯ ಮಡಿಲಲ್ಲಿ ಒಂದು ಬಟ್ಟೆಯ ಚೀಲ ಇತ್ತು. ಬುತ್ತಿ ಇರಬೇಕೆಂದು ಧನಪಾಲರು ತಿಳಿದರು. ಲೋಳಸೂರ ಸೇತುವೆಯ ಕೆಳಗೆ ಘಟಪ್ರಭೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಭಕ್ತಿ ಕಿಟಕಿಯಲ್ಲಿ ಅದನ್ನೇ ನೋಡುತ್ತ, ಈಗಿನ ರೈಟರುಗಳ ಬಗ್ಗೆ ಹೇಳುತ್ತಲೇ ಇದ್ದಳು. ಮೊದಲೆಲ್ಲ ಬರೆಯುವಾಗ ಯಂತ್ರ ಚೂರು ತಡವರಿಸಿದರೆ ಸಿಡಿಯೇ ಕೆಡುತ್ತಿತ್ತಂತೆ. ಈಗಿನವು ತಡೆದು ನಿಂತು ಮತ್ತೆ ಅಲ್ಲಿಂದಲೇ ಬರೆಯುತ್ತವಂತೆ. ಧನಪಾಲರು ಹೂಂಗುಟ್ಟಿದರು. ಅವಳು ಖುಷಿಪಟ್ಟಷ್ಟೂ ಅವರಿಗೆ ಹಿಂಸೆಯಾಗುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರದ ಮಾಳಿಗೆಯ ಮೇಲೆ ಹಣಮಂತ ಎಂಬವನ ಕಂಪ್ಯೂಟರ್ ಅಂಗಡಿ. ಅವನು ಗಾಜಿನ ಕಪಾಟಿನಿಂದ ಮೂರು ಡಬ್ಬಿ ತೆಗೆದು ಸಾಲಾಗಿ ಇಟ್ಟ.

"ಇದು ಬರೇ ಸಿಡಿ ಬರೀತೈತ್ರಿ ಅಕ್ಕಾರ. ಇದು ಸಿಡಿ ಬರೀತೈತಿ, ಡಿವಿಡಿ ಓದತೈತಿ. ಇದು ನೋಡ್ರಿ, ಎರಡೂ ಓದತೈತಿ, ಎರಡೂ ಬರೀತೈತಿ. ಈಗ ಎಲ್ಲಾರೂ ಇದನ್ನ ತಗೋಳಾಕತ್ತಾರ."

"ನಮ್ಮ ಮಷಿನ್ ಹಳೇದ್ರಿ. ಅದರಾಗ ಜಾಗಾನ ಹತ್ತ ಜಿಬಿ, ತುಂಬಿ ಹೋಗೇತಿ," ಎಂದಳು ಭಕ್ತಿ. "ಒಂದ ಡಿವಿಡಿ ಬರೀಬೇಕಂದ್ರ ಮೊದಲ ಅಷ್ಟ ಮಾಲ ಎಲ್ಲಿ ಇಡೂದ್ರಿ?"

ಹಣಮಂತ ಈಗ ಧನಪಾಲರನ್ನು ಬಿಟ್ಟು ಅವಳತ್ತಲೇ ತಿರುಗಿ ನಿಂತ. "ಖರೆ ಐತ್ರಿ. ಹಳೇ ರೈಟರ್ ಏನಾಗೇತಿ? ಒಮ್ಮೊಮ್ಮೆ ಕೇಬಲ್ ಹೋಗಿರತೈತಿ, ಸುಮ್ಮನ ಹೊಸಾದ ತಗೋತಾರ."

"ಬಿಚ್ಚಿ ತಂದೇನ್ರಿ," ಎಂದು ಭಕ್ತಿ ಚೀಲದಿಂದ ಹಳೆಯ ರೈಟರನ್ನು ತೆಗೆದು ಗಾಜಿನ ಮೇಲೆ ಇಟ್ಟಳು.

"ಅದನ್ಯಾಕ ಬಿಚ್ಚೂದ? ಕೆಟ್ಟೈತಿ ಅಂದ ಮ್ಯಾಲ ಕೆಟ್ಟೈತಿ. ಹೊಸಾದ ಕೊಟ್ಟಬಿಡ್ರಿ," ಎಂದರು ಧನಪಾಲರು. ಹಣಮಂತ ಆಗಲೇ ಸ್ಕ್ರೂ ತಿರುಗಿಸುತ್ತಿದ್ದ. ಮೇಲಿನ ತಗಡು ಎತ್ತಿ ಡಬ್ಬಿಯನ್ನು ಬೋರಲು ಹಾಕಿದ. ಹಳೆಯ ಪೇಪರಿನ ಮೇಲೆ ಬಳೆಚೂರಿನಂತೆ ಸಿಡಿಯ ಚೂರುಗಳು ಸುರಿದವು.

"ಅಬಾ! ಸೀಳಿದ್ದ ಸಿಡಿ ಹಾಕ್ಯಾರ್ರಿ ಯಾರೋ. ಲೆನ್ಸೂ ಹೋತ, ಎಲ್ಲಾ ಹೋತ."

ಭಕ್ತಿ ಬಾಗಿ ಚೂರುಗಳನ್ನು ಬೆರಳಿನಿಂದ ಸರಿಸಿದಳು. ಒಂದು ದೊಡ್ಡ ಚೂರಿನ ಮೇಲೆ ನೀಲಿ ಪೆನ್ನಿನ ಅಕ್ಷರಗಳಿದ್ದವು: "ಕುಸ್ತಿ, ಉದ್ದ". ಮುಂದಿನದು ಬೇರೆ ಚೂರಿನಲ್ಲಿ ಹೋಗಿತ್ತು. ಅವಳು ಅದನ್ನು ನೋಡಿದಳು. ನೋಡುತ್ತಲೇ ಇದ್ದಳು. ತಲೆ ಎತ್ತಿ ಮಾವನ ಮುಖ ನೋಡಲಿಲ್ಲ.

"ಯಾರ ಹಾಕಿದ್ರೋ?" ಎಂದ ಹಣಮಂತ, ಸುಮ್ಮನೆ ಮಾತಿಗೆ.

ಧನಪಾಲರು ಬಾಯಿ ತೆರೆದರು. ಮತ್ತೆ ಮುಚ್ಚಿ ಡಬ್ಬಿಗಳತ್ತ ನೋಡಿದರು. ಆ ಒಂದು ಕ್ಷಣ ಕಾದು ಭಕ್ತಿಯೇ ಹೇಳಿದಳು: "ನಾನ್ರಿ. ನೋಡದ ಹಾಕಿಬಿಟ್ಟಿದ್ದೆ."

ಆ ಚೂರನ್ನು ಉಳಿದವುಗಳ ಜೊತೆ ಪೇಪರಿನಲ್ಲಿ ಮಡಿಚಿ ಕಸದ ಬುಟ್ಟಿಗೆ ಹಾಕಿದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಬಸ್ಸಿನಲ್ಲಿ ಇದ್ದ ಖುಷಿಯೂ ಇರಲಿಲ್ಲ.

ಧನಪಾಲರು ತಡಬಡಿಸಿ ಮೂರನೆಯ ಡಬ್ಬಿಯನ್ನು ಮುಂದೆ ತಳ್ಳಿದರು. "ಇದನ್ನ ತಗೋ ಭಕ್ತಿ. ಎಲ್ಲಾಕ್ಕಿಂತ ಚಲೋದು. ಇದನ್ನ ಕೊಡ್ರಿ."

"ಬ್ಯಾಡ್ರಿ ಮಾಮಾ."

"ಇರ್ಲಿ ತಗೊ, ನಾ ಕೊಡಸಾಕತ್ತೇನಲ್ಲ—"

"ನಮ್ಮ ಮಷಿನ್ನಿಗೆ ಅದು ಒಗ್ಗೂದಿಲ್ರಿ. ಮಂದಿ ಮನ್ಯಾಗ ಇರೂದ ಸಿಡಿ ಪ್ಲೇಯರ್. ನಾ ಮಾಡೂದ ಲಗ್ನಪತ್ರಿಕಿ." ಅವಳು ಮೊದಲ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. "ಇದ ಸಾಕು. ಮುಂದಿನ ಮೋತಿ ಬಿಳೇದ ಇದ್ದದ್ದ ಐತೇನ್ರಿ? ನಮ್ಮ ಡಬ್ಬಿ ಬಿಳೇದೈತಿ, ಕರೇದ ಹಚ್ಚಿದ್ರ ಹಲ್ಲ ಬಿದ್ದಂಗ ಕಾಣತೈತಿ."

ಹಣಮಂತ ನಕ್ಕು ಒಳಗಿನಿಂದ ಬಿಳಿಯದೊಂದನ್ನು ಹುಡುಕಿ ತಂದ. ಭಕ್ತಿ ಡಬ್ಬಿಯ ಮೇಲಿನ ಬರಹವನ್ನು ಪೂರ್ತಿ ಓದಿದಳು, ಅವನ ಯಂತ್ರದಲ್ಲಿ ಹಚ್ಚಿಸಿ ಒಂದು ಸಿಡಿ ಬರೆಸಿದಳು, ಬರೆದದ್ದನ್ನು ಬೇರೆ ಯಂತ್ರದಲ್ಲಿ ಹಾಕಿ ಓದಿಸಿದಳು. ಒಂದನ್ನೂ ಅವಸರದಲ್ಲಿ ಮಾಡಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಧನಪಾಲರು ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದರು. ದೊಡ್ಡದನ್ನು ಕೊಡಿಸಿ ಹಗುರಾಗಬೇಕೆಂದಿದ್ದರು. ಹುಡುಗಿ ಅದಕ್ಕೂ ಅವಕಾಶ ಕೊಡಲಿಲ್ಲ.

ತಿರುಗಿ ಬರುವ ಬಸ್ಸು ಸೇತುವೆ ದಾಟಿ ಅರ್ಧ ದಾರಿಗೆ ಬಂತು. ಕೊನೆಗೆ ಅವರೇ, "ಭಕ್ತಿ, ಅವತ್ತ..." ಎಂದರು.

"ಗೊತ್ತಾತ್ರಿ."

"ಹೇಳಬೇಕಂತ ಇದ್ದೆ."

ಅವಳು ಮಡಿಲಲ್ಲಿದ್ದ ಡಬ್ಬಿಯನ್ನು ಸರಿಸಿಕೊಂಡಳು. "ನೀವ ಹಾಕಿದ್ದಕ್ಕ ನಂಗ ಸಿಟ್ಟಿಲ್ರಿ ಮಾಮಾ. ನಾ ನನ್ನ ಕೈ ಮ್ಯಾಲಿನ ನಂಬಿಕಿ ಕಳಕೊಂಡಿದ್ದೆ. ಎಂಟ ದಿವಸ, ಕುಂತಲ್ಲಿ ನಿಂತಲ್ಲಿ, ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ಅದ ವಿಚಾರ. ಕ್ಷಮಾವಣಿಗೆ ನಿಮ್ಮ ಕಾಲ ಮುಟ್ಟಿ ಕ್ಷಮಾ ಕೇಳಿದೆ." ಅಷ್ಟು ಹೇಳಿ ಕಿಟಕಿಗೆ ತಿರುಗಿದಳು. "ಅತ್ತಿಗೆ ಹೇಳೂದಿದ್ರ ನೀವ ಹೇಳ್ರಿ. ನಾ ಹೇಳೂದಿಲ್ಲ."

ಮನೆ ಮುಟ್ಟಿದಾಗ ನಾಲ್ಕು ಗಂಟೆ. ಹೊಸ್ತಿಲ ಹೊರಗೆ ಸವೆದ ಚಪ್ಪಲಿಯ ಜೋಡೊಂದಿತ್ತು. ಪಡಸಾಲೆಯ ಕುರ್ಚಿಯ ತುದಿಯಲ್ಲಿ ಭಕ್ತಿಯ ತಂದೆ ವೃಷಭರು ಕೂತಿದ್ದರು. ಉಗುರಿನ ಸಂದಿಯಲ್ಲಿ ಎಂದೂ ಹೋಗದ ಮಸಿ. ಮುಂದೆ ಚಹಾ, ಕುಡಿದಿರಲಿಲ್ಲ. ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ಗಂಟು. ಎದುರಿಗೆ ಜಿನ್ನವ್ವ ಗೋಡೆಗೆ ಒರಗಿ ನಿಂತಿದ್ದಳು. ಅವಳು ಏನೇನು ಹೇಳಿರಬೇಕೆಂಬುದು ಬೀಗರು ಕೂತ ರೀತಿಯಲ್ಲೇ ತಿಳಿಯುತ್ತಿತ್ತು.

ಧನಪಾಲರನ್ನು ಕಂಡದ್ದೇ ವೃಷಭರು ಎದ್ದು ನಿಂತು ಕೈಮುಗಿದರು. "ಕೊಲ್ಲಾಪುರದಾಗ ಒಬ್ಬರ ಕಂಪ್ಯೂಟರ್ ಸೆಂಟರ್ ಮುಚ್ಚಾಕತ್ತಿದ್ರು ಬೀಗರ. ನಿನ್ನಿ ಹೋಗಿ ಅವರ ಕಡೆ ಈ ರೈಟರ್ ಇಸಗೊಂಡ ಬಂದೆ. ಬಳಸಿದ್ದೈತಿ, ಆದ್ರ ಚಲೋ ಐತಿ." ಗಂಟನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು. "ನನ್ನ ಮಗಳ ಸ್ವಲ್ಪ ಗಡಬಡಿ ಸ್ವಭಾವದಾಕಿ. ತಾಯಿ ಇಲ್ಲದ ಹುಡುಗಿ, ನಾನ ಸರಿಯಾಗಿ ತಿದ್ದಲಿಲ್ಲ. ನಿಮ್ಮ ಮನಿಗೆ ತ್ರಾಸ ಆತ. ಮಾಫ ಮಾಡ್ರಿ."

"ಅಪ್ಪಾ!" ಎಂದಳು ಭಕ್ತಿ, ಬಾಗಿಲಲ್ಲೇ ನಿಂತು.

ಧನಪಾಲರು ತಮ್ಮ ಜನ್ಮದಲ್ಲಿ ಯಾರೆದುರಿಗೂ ಇಷ್ಟು ಸಣ್ಣವರಾಗಿರಲಿಲ್ಲ. "ಕೈ ಇಳಸ್ರಿ ಬೀಗರ," ಎಂದರು. "ಅದನ್ನ ಕೆಡಿಸಿದಾಂವ ನಾನು. ಸೀಳಿದ್ದ ಸಿಡಿ ಹಾಕಬ್ಯಾಡ್ರಿ ಅಂತ ಭಕ್ತಿ ಹೇಳಿದ್ಲು. ಹೇಳಿದ ಮ್ಯಾಲೂ, ಮನ್ಯಾಗ ಯಾರೂ ಇಲ್ಲದಾಗ ಹಾಕಿದೆ. ಒಡೀತು. ಮುಚ್ಚಿಟ್ಟೆ. ಆಕಿ ಬೈಸಿಕೊಳ್ಳೂದನ್ನ ನೋಡಕೋತ ಕುಂತೆ. ಆಕೀದೇನೂ ತಪ್ಪಿಲ್ಲ."

ವೃಷಭರ ಕೈ ಗಂಟಿನ ಸಮೇತ ನಿಧಾನಕ್ಕೆ ಇಳಿಯಿತು. ಆಮೇಲೆ ಜಿನ್ನವ್ವ ಸೆರಗನ್ನು ಬಾಯಿಗೆ ಇಟ್ಟು ನಕ್ಕಳು. "ಅಯ್ಯ, ಇದೆಂಥಾದ್ರಿ! ಅಷ್ಟಕ್ಕ ಇಷ್ಟ ಯಾಕ? ಗಂಡಸರ ಕೈ, ಏನೋ ಒತ್ತಿರತೈತಿ. ಸಾಮಾನ ಅಂದ ಮ್ಯಾಲ ಕೆಡೂದ."

ಎಂಟು ದಿನ ಸೊಸೆಯ ತಲೆಯ ಮೇಲೆ ಬಂಡೆಯಾಗಿದ್ದ ತಪ್ಪು ಗಂಡನ ಹೆಸರಿಗೆ ಬಂದದ್ದೇ ತಡ ನಗೆಯ ಮಾತಾಗಿಬಿಟ್ಟಿತ್ತು. ಭಕ್ತಿ ಅತ್ತೆಯನ್ನು ಒಮ್ಮೆ ನೋಡಿ, ತಂದೆಯ ಕೈಯ ಗಂಟನ್ನು ತೆಗೆದುಕೊಂಡು ಒಳಗೆ ಹೋದಳು. ಹೆಂಡತಿಯ ಮೇಲೆ ರೇಗಬೇಕೆನಿಸಿತು ಧನಪಾಲರಿಗೆ. ಯಾವ ಮುಖ ಇಟ್ಟುಕೊಂಡು ರೇಗುವುದು? ಆ ಬಂಡೆ ಎತ್ತಿಟ್ಟದ್ದು ಅವಳಾದರೆ, ಇಡಗೊಟ್ಟದ್ದು ತಾವೇ.

ವೃಷಭರು ಕುರ್ಚಿಯಲ್ಲಿ ಮತ್ತೆ ಕೂತು, ಆರಿದ ಚಹಾ ಎತ್ತಿ ಕುಡಿದರು. ಆಮೇಲೆ, "ಎಂಟ ದಿವಸ ಆತಲ್ರಿ ಬೀಗರ?" ಎಂದರು. ಸಿಟ್ಟಿನಿಂದಲ್ಲ; ಲೆಕ್ಕ ತಪ್ಪಿದವರು ಕೇಳುವ ಹಾಗೆ. "ದಿನಾ ಫೋನ ಮಾಡಿ ಅಳತಿತ್ತ ಹುಡುಗಿ. ನಾನೂ ಬೈದೆ. ಮಾಡೂ ಕೆಲಸದಾಗ ಧ್ಯಾನ ಇಡಬೇಕು ಅಂತ ಬೈದೆ."

ಧನಪಾಲರು ಖಾಲಿ ಕಪ್ಪನ್ನು ಅವರ ಕೈಯಿಂದ ತೆಗೆದುಕೊಂಡರು.

ಹೊತ್ತು ಮುಳುಗುವ ಮೊದಲು ಊಟ ಮಾಡಿ ಹೋಗಿರೆಂದರೆ ವೃಷಭರು ನಿಲ್ಲಲಿಲ್ಲ. ಧನಪಾಲರು ಬಸ್ಸಿನವರೆಗೆ ಜೊತೆಗೆ ನಡೆದರು. ಬಸ್ಸು ಹತ್ತುವಾಗ ಬೀಗರು, "ಬರತೇನ್ರಿ," ಎಂದರು. ಅಷ್ಟೇ.

ಮನೆಗೆ ಬಂದರೆ ಭಕ್ತಿ ಸ್ಕ್ರೂ ತಿರುಗಿಸುತ್ತ ಕೂತಿದ್ದಳು. ತಂದೆ ತಂದ ಹಳೆಯ ರೈಟರನ್ನೇ ಜೋಡಿಸುತ್ತಿದ್ದಳು. ಅದರ ಮೋತಿ ಕರಿಯದು.

"ಇವತ್ತ ತಂದದ್ದು?" ಎಂದರು ಧನಪಾಲರು.

"ಇರ್ಲಿ ಮಾಮಾ. ಇದು ಕೆಟ್ಟ ಮ್ಯಾಲ ಅದು."

ಗೋಕಾಕದ ಡಬ್ಬಿ ಕಪಾಟಿನ ಮೇಲೆ ಏರಿತು. ಅದೇ ಶನಿವಾರ ನಿತಿನ ಬಂದಾಗ ಧನಪಾಲರು ಮಗನಿಗೂ ತಾವಾಗಿಯೇ ಎಲ್ಲ ಹೇಳಿದರು. ಮರುವಾರ ಇಬ್ಬರು ಅಣ್ಣತಮ್ಮಂದಿರು ಬದುವಿನ ತಂಟೆ ಹೊತ್ತು ಕಟ್ಟೆಗೆ ಬಂದರೆ, "ಈ ಸಲ ಬ್ಯಾರೆದವರ ಕಡೆ ಹೋಗ್ರಪಾ," ಎಂದು ಕಳಿಸಿಬಿಟ್ಟರು. ಕಾರಣ ಹೇಳಲಿಲ್ಲ. ಭಕ್ತಿ ಮೊದಲಿನಂತೆಯೇ ಹೊತ್ತುಹೊತ್ತಿಗೆ ಚಹಾ ತಂದಿಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಕಂಪ್ಯೂಟರಿನ ಹೊಸ ಸುದ್ದಿಗಳನ್ನು ಮಾತ್ರ ಅವರಿಗೆ ಹೇಳುವುದನ್ನು ಬಿಟ್ಟಿದ್ದಳು. ಜಿನ್ನವ್ವ ಸೊಸೆಗೆ ತಪ್ಪಾಯಿತೆಂದು ಎಂದೂ ಅನ್ನಲಿಲ್ಲ. ಯಂತ್ರದ ಮುಂದೆ ಕೂತವಳನ್ನು ಕೂಗಿ ಎಬ್ಬಿಸುವುದನ್ನು ಮಾತ್ರ ಕಡಿಮೆ ಮಾಡಿದಳು.

ದೀಪಾವಳಿ ಮುಗಿದು ಲಗ್ನದ ಹಂಗಾಮು ಶುರುವಾಯಿತು. ಒಂದು ಬೆಳಿಗ್ಗೆ ಭಕ್ತಿ ಹಾಳೆಯಲ್ಲಿ ಸುತ್ತಿದ ಸಿಡಿಯನ್ನು ತಂದು ಮಾವನ ಮುಂದೆ ಹಿಡಿದಳು. "ಇದು ಭಾಳ ಗಡಬಡಿದ್ದೈತ್ರಿ. ಕಂಡಕ್ಟರ್ ಕಡೆ ಕೊಡೂದ ಬ್ಯಾಡ. ನೀವ ಹೋಗಿ ಅಪ್ಪಗ ಕೊಟ್ಟ ಬರತೀರೇನು?"

ಧನಪಾಲರು ಎರಡು ಬಸ್ಸು ಬದಲಿಸಿ, ಸಿಡಿಯನ್ನು ತೊಡೆಯ ಮೇಲೆ ಅಂಗೈಯಲ್ಲಿಟ್ಟುಕೊಂಡು ಸಂಕೇಶ್ವರಕ್ಕೆ ಹೋದರು. ಪ್ರೆಸ್ಸಿನಲ್ಲಿ ವೃಷಭರು ಒಬ್ಬರೇ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಬೀಗರನ್ನು ಕಂಡು ಅರೆಗಳಿಗೆ ಕೈ ನಿಂತಿತು. ಆಮೇಲೆ ಕಾಲಲ್ಲೇ ಒಂದು ಸ್ಟೂಲು ಮುಂದೆ ಸರಿಸಿದರು. ಚಹಾ ಬಂತು.

"ಕುಂತೀರಿ ಅಂದ್ರ ಇದನ್ನಷ್ಟ ಓದಿ ಕೊಡ್ರಿ," ಎಂದು ವೃಷಭರು ಹಸಿ ಮಸಿಯ ಕರಡೊಂದನ್ನು ಅವರ ಕೈಗೆ ಕೊಟ್ಟರು. ಮೇಲವಂಕಿಯ ಯಾರದೋ ಲಗ್ನಪತ್ರಿಕೆ. "ನನ್ನ ಕಣ್ಣ ಈಗ ಹಿಡಿಯೂದಿಲ್ಲ. ತಪ್ಪ ಕಂಡ್ರ ಹೇಳಿಬಿಡ್ರಿ."

ಧನಪಾಲರು ಚಾಳೀಸಿನ ಕನ್ನಡಕ ಏರಿಸಿಕೊಂಡು ಬಾಗಿಲ ಬೆಳಕಿಗೆ ಸರಿದು ಕೂತರು. ಮೊದಲ ಸಲ ಓದಿದಾಗ ಎಲ್ಲ ಸರಿ ಕಂಡಿತು. ಎರಡನೆಯ ಸಲ ಬೆರಳಿಟ್ಟು ಓದಿದರು. ವರನ ಅಜ್ಜಿಯ ಹೆಸರಿನಲ್ಲಿ ಒಂದು ಒತ್ತಕ್ಷರ ಬಿದ್ದುಹೋಗಿತ್ತು.

"ಬೀಗರ, ಇಲ್ಲಿ ನೋಡ್ರಿ," ಎಂದರು. "ಕೆಂಚವ್ವ ಆಗಬೇಕಾದ್ದ ಕೆಂಚವ ಆಗೇತಿ."

ವೃಷಭರು ಎದ್ದು ಬಂದು, ಅವರ ಭುಜದ ಮೇಲಿಂದ ಬಾಗಿ ನೋಡಿದರು.